ಬ್ಯಾರನ್ ಮೊರಾಸನ ಮುಖದ ಬಣ್ಣ
ಲಾನ್ಸೆಸ್ಟನ್ನಿನ ಲಾಯ್ಡ್ ಪೆಂಬ್ರಿಗೆ ಕಾಮಿಕ್ಸಿನ ಒಳ್ಳೆಯವರನ್ನು ಕಂಡರೆ ಆಕಳಿಕೆ. ಅವನು ಕೂತು ಬಣ್ಣ ಹಚ್ಚುವುದೆಲ್ಲ ಖಳನಾಯಕರ ತಲೆಯಿಂದ ಎದೆಯವರೆಗಿನ ಪುಟ್ಟ ಗೊಂಬೆಗಳಿಗೇ. ಊಟದ ಮೇಜೆಲ್ಲ ಅವನ ಬಣ್ಣದ ಡಬ್ಬಿಗಳದ್ದು, ಹೆಂಡತಿ ಮೆರ್ಲ್ ಒಂದು ಮೂಲೆಯಲ್ಲಿ ಚಹಾ ಕುಡಿಯಬೇಕು. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡಿ ಮಾಡಿ ಅವನ ತುಟಿ ಸದಾ ಯಾವನೋ ದುಷ್ಟನ ಬಣ್ಣದಲ್ಲಿರುತ್ತದೆ. ಗೊಂಬೆ ಮುಗಿದರೆ ಉಸಿರು ಬಿಗಿಹಿಡಿದು ಫೋಟೊ ತೆಗೆದು ಗೊಂಬೆಗೆ ಬಣ್ಣ ಹಚ್ಚುವವರ ಕ್ಲಬ್ಬಿನ ಗೆಳೆಯರಿಗೆ ಕಳಿಸುತ್ತಾನೆ. ಕಾಮಿಕ್ಸಿನಲ್ಲಿ ಬೂದಿ ಬಣ್ಣದ ಮುಖದವನಾದ ಖಳ ಬ್ಯಾರನ್ ಮೊರಾಸನ ಫೋಟೊ ಹೋದಾಗ ಅವರು, "ಇಷ್ಟು ನೀಲಿ ಯಾಕೋ ಮಾರಾಯ? ಬ್ಯಾರನ್ನಿಗೆ ಚಳಿ ಹಿಡಿದಿದ್ಯಾ?" ಎಂದು ನಕ್ಕರು. "ನಿಮ್ಮ ಫೋನೇ ಸರಿಯಿಲ್ಲ" ಎಂದು ಲಾಯ್ಡ್ ಜಗಳಕ್ಕೆ ನಿಂತ. ಆಮೇಲೆ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದು ನೋಡುತ್ತಾನೆ, ಬ್ಯಾರನ್ ನಿಜಕ್ಕೂ ನೀಲಿ! ಹಳದಿಗಟ್ಟಿದ ಪೊರೆ ಇನ್ನೂ ಇದ್ದ ಎಡಗಣ್ಣಿಗೆ ಮಾತ್ರ ಈಗಲೂ ಬೂದಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು, ಗೊಂಬೆಯನ್ನೂ ಫೋಟೊವನ್ನೂ ತಿರುಗಿಸಿ ನೋಡಿ ತಲೆ ಕೆಟ್ಟು ಕೂತ. "ಆ ಕಣ್ಣಿಂದೂ ತೆಗೆಸ್ಕೊಂಡ್ಬಿಡು, ಎಲ್ಲ ಸರಿಹೋಗತ್ತೆ" ಎಂದಳು ಮೆರ್ಲ್. ಅವನು ತಲೆಯೆತ್ತಿದ. ಜೇನಿನ ಬಣ್ಣದ್ದೆಂದು ತಿಳಿದಿದ್ದ ಅವಳ ಕೂದಲು ಹತ್ತಿಯಷ್ಟು ಬೆಳ್ಳಗಿತ್ತು. ಬಲಗಣ್ಣು ಮುಚ್ಚಿದ, ಜೇನು ಮತ್ತೆ ಬಂತು. "ಯಾವಾಗ ಆಯ್ತು ಇದು?" ಎಂದ. "ಯಾವ್ದು?" ಎಂದಳು ಅವಳು. ಅವನು ಮತ್ತೆ ಬಲಗಣ್ಣು ಮುಚ್ಚಿಕೊಂಡ. ಮರುದಿನ ಎಡಗಣ್ಣಿಗೆ ದಿನ ಗೊತ್ತುಮಾಡಲು ಆಸ್ಪತ್ರೆಯವರು ಫೋನು ಮಾಡಿದರೆ, "ಅವಸರ ಏನಿಲ್ಲ, ಅದು ಇನ್ನೊಂದಷ್ಟು ದಿನ ಹಾಗೇ ಇರ್ಲಿ ಬಿಡಿ" ಎಂದ.