ಖತೀಜಮ್ಮನವರ ಹಿತ್ತಿಲು

ಖತೀಜಮ್ಮನವರು ಯಾರನ್ನೇ ಆಗಲಿ ಮಾತಾಡಿಸುವ ಮೊದಲು ಮೂಗಿನಿಂದ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. ಹಾಗೆ ಮಾಡುವುದು ಅವರಿಗೇ ಗೊತ್ತಾಗುತ್ತಿರಲಿಲ್ಲ. ತಲೆ ಕೊಂಚ ಹಿಂದಕ್ಕೆ ಹೋಗುತ್ತಿತ್ತು, ಹೊಳ್ಳೆ ಅರಳುತ್ತಿತ್ತು, ಆಮೇಲೆ ಮಾತು. ಬಾಳ್ಳುಪೇಟೆಯ ಶಾಲೆಗೆ ಟೀಚರಾಗಿ ಬಂದ ಮೊದಲ ದಿನ ನಾನು ಟ್ರಂಕು ಹಿಡಿದುಕೊಂಡು ಅವರ ಮನೆಯ ಬಾಗಿಲಲ್ಲಿ ನಿಂತಿದ್ದೆ. ಬಾಡಿಗೆಗೆ ಕೋಣೆ ಇದೆಯೇ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು, "ಬಸ್ಸಲ್ಲಿ ವಾಂತಿ ಆಯ್ತೇನವ್ವ? ಒಳಗ್ ಬಾ, ಪಾನಕ ಮಾಡ್ಕೊಡ್ತೀನಿ" ಅಂದರು. ನಾನು ಆಲೂರಿನ ನಿಲ್ದಾಣದಲ್ಲೇ ಬಾಯಿ ತೊಳೆದು, ಏಲಕ್ಕಿ ಜಗಿದು ಬಂದಿದ್ದೆ.

ಐವತ್ತರ ದಶಕದ ಕೊನೆಯ ವರ್ಷಗಳು ಅವು. ಅವರ ಮನೆಯ ಪಕ್ಕದ ಎರಡು ಕೋಣೆಗಳಲ್ಲಿ ನಾನೂ ನನ್ನ ತಾಯಿಯೂ ಸಂಸಾರ ಹೂಡಿದೆವು. ಖತೀಜಮ್ಮನವರ ಗಂಡ ಕಾಫಿ ವ್ಯಾಪಾರ ಮಾಡುತ್ತಿದ್ದವರು, ತೀರಿಕೊಂಡಿದ್ದರು. ಈಗ ಒಬ್ಬನೇ ಮಗ ಬಶೀರ್ ಅದನ್ನು ನಡೆಸುತ್ತಿದ್ದ. ಸುತ್ತಲಿನ ಸಣ್ಣ ಬೆಳೆಗಾರರು ಮೂಟೆ ತಂದು ಜಗಲಿಯ ಮೇಲೆ ಇಳಿಸಿದರೆ, ಬಶೀರ್ ಒಂದು ಹಿಡಿ ಕಾಫಿಯನ್ನು ಬಾಗಿಲ ಪರದೆಯ ಹಿಂದಕ್ಕೆ ಕೊಡುತ್ತಿದ್ದ. ಇದು ಸರಿಯಾಗಿ ಒಣಗಿಲ್ಲ, ಇದನ್ನು ಹೊಗೆ ಇರುವ ಅಟ್ಟದಲ್ಲಿ ಇಟ್ಟಿದ್ದರು ಎಂದು ಪರದೆಯೊಳಗಿಂದ ತೀರ್ಪು ಬರುತ್ತಿತ್ತು. ಬೆಳೆಗಾರರು ಮುನಿಸಿಕೊಳ್ಳುತ್ತಿರಲಿಲ್ಲ, ನಗುತ್ತಿದ್ದರು. ಮನೆಯಲ್ಲಿ ಉರ್ದು, ನಮ್ಮೆದುರು ಆ ಊರ ಕನ್ನಡವೇ. ಬಶೀರ್ ಕದ್ದು ಬೀಡಿ ಸೇದಿ, ಸೀಬೆ ಎಲೆ ಜಗಿದು ಬಂದರೆ, "ಸೀಬೆ ಎಲೆ ತಿಂದಿದ್ದೀಯ. ಯಾಕ್ ತಿಂದೆ ಅಂತ ನಾನೇನ್ ಕೇಳಲ್ಲಪ್ಪ" ಎಂದು ಅನ್ನ ಬಡಿಸುತ್ತಿದ್ದರು. ಮದುವೆಯ ವಯಸ್ಸಿನ ಗಂಡಸು, ತಟ್ಟೆಯ ಮೇಲೆ ತಲೆ ಬಗ್ಗಿಸುತ್ತಿದ್ದ.

ಒಂದು ಮಳೆಗಾಲ ಹಿತ್ತಿಲ ಕೊನೆಯ ಗುಂಡಿ ಕಕ್ಕಸಿಗೆ ಹೋಗುವಾಗ ಖತೀಜಮ್ಮ ಜಾರಿ ಬಿದ್ದು ಮಂಡಿ ಮುರಿದುಕೊಂಡರು. ಮೂಳೆ ಕೂಡಿತು, ನಡಿಗೆ ಮೊದಲಿನಂತೆ ಆಗಲಿಲ್ಲ. ಬಶೀರ್ ಕಾಫಿ ಕೊಳ್ಳಲು ಸಕಲೇಶಪುರದ ಕಡೆಯ ಎಸ್ಟೇಟ್ ಬಂಗಲೆಗಳಿಗೆ ಹೋಗುತ್ತಿದ್ದವನು, ಅಲ್ಲಿ ಸೆಪ್ಟಿಕ್ ಕಕ್ಕಸು ನೋಡಿದ್ದ. ತಾಯಿಗೂ ಮನೆಗೆ ಅಂಟಿದಂತೆ ಅಂಥದೇ ಒಂದನ್ನು ಕಟ್ಟಿಸುತ್ತೇನೆಂದು ಹಟ ಹಿಡಿದ. ಸಣ್ಣಪ್ಪ ಮೇಸ್ತ್ರಿ ಬಂದರು. ಅವರು ಊರಿನಲ್ಲಿ ಅರ್ಧ ಮನೆಗಳ ಗೋಡೆ ಎಬ್ಬಿಸಿದವರು, ಬಶೀರನ ತಂದೆಯ ಕಾಲದಿಂದಲೂ ಬೇಕಾದವರು. ಹಿತ್ತಿಲಲ್ಲಿ ಆಳದ ತೊಟ್ಟಿ ಕಟ್ಟಿ, ಮೇಲೆ ಚಪ್ಪಡಿ ಮುಚ್ಚಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ಕಬ್ಬಿಣದ ಕೊಳವೆ ನಿಲ್ಲಿಸಿದರು. ಕೊಳವೆ ಸೂರಿನ ಮಟ್ಟಕ್ಕೂ ಬರಲಿಲ್ಲ. ಅಂದು ಸಿಕ್ಕಿದ್ದು ಅಷ್ಟೇ ಉದ್ದದ್ದು. ಪೇಟೆಯ ಜನ ಬಂದು ಬಂದು ನೋಡಿದರು. ತನ್ನ ಕಕ್ಕಸನ್ನು ಊರೆಲ್ಲ ನೋಡಿ ಹೋಗುತ್ತಿದೆಯೆಂದು ಖತೀಜಮ್ಮ ಒಂದು ವಾರ ನಮ್ಮ ಕೋಣೆಯಲ್ಲೇ ಕೂತುಬಿಟ್ಟರು.

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ವಾಸನೆ ಶುರುವಾಯಿತು. ಬಿಸಿಲಿದ್ದ ದಿನ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮಂಜು ಇಳಿದ ಬೆಳಗ್ಗೆ ಅದು ಮೇಲೇಳದೆ ನೆಲಕ್ಕೇ ಹರಡಿಕೊಂಡು, ಬಚ್ಚಲು, ಅಡಿಗೆಮನೆ, ನಮ್ಮ ಕೋಣೆಯ ಹೊಸಿಲವರೆಗೂ ಬರುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ. ಪಕ್ಕದ ಮನೆಯವರು ಹಿತ್ತಿಲ ಕಡೆ ಬಟ್ಟೆ ಒಣಹಾಕುವುದನ್ನು ಬಿಟ್ಟರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸಂಜೆ ಖತೀಜಮ್ಮನ ಜಗಲಿಗೆ ಬಂದು ಕೂರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರದಾದರು.

ನಮಗೆಲ್ಲ ಅದು ಕೆಟ್ಟ ವಾಸನೆ. ಖತೀಜಮ್ಮನಿಗೆ ಶಿಕ್ಷೆ. ಊಟ ಸೇರುತ್ತಿರಲಿಲ್ಲ. ಬೆಳಗ್ಗೆ ಸಂಜೆ ಲೋಬಾನದ ಹೊಗೆ ಹಾಕಿದರು, ಡಬ್ಬಿಗಟ್ಟಲೆ ಫಿನಾಯಿಲ್ ಸುರಿಸಿದರು. ಸುರಿದಷ್ಟೂ ಹೆಚ್ಚಾಯಿತು. ಹಿತ್ತಿಲ ಕಡೆಯ ಕಿಟಕಿಗೆ ಹಲಗೆ ಹೊಡೆಸಿದರು. ಅಷ್ಟರಲ್ಲಿ ಬಶೀರನಿಗೆ ಹಾಸನದ ಕಡೆಯ ಸಂಬಂಧ ಬಂತು. ಹೆಣ್ಣಿನ ಮನೆಯವರು ಮನೆ ನೋಡಲು ಬರುವ ಹಿಂದಿನ ದಿನ ಖತೀಜಮ್ಮ ಕಾಫಿ ಮೂಟೆ ಒಯ್ಯುವ ಲಾರಿಯ ಕ್ಲೀನರನನ್ನು ಕರೆದು, ಕೊಳವೆಯ ಬಾಯಿಗೆ ಗೋಣಿತಟ್ಟು ಸುತ್ತಿಸಿ, ಮೇಲೆ ಮಣ್ಣು ಮೆತ್ತಿಸಿ ಬಿಗಿಯಾಗಿ ಕಟ್ಟಿಸಿದರು. ಬಂದವರು ಬಿರಿಯಾನಿ ಉಂಡು, ಮಾತು ಒಪ್ಪಿಕೊಂಡು ಹೋದರು. ವಾಸನೆ ತಗ್ಗಿತ್ತು. ಕಟ್ಟಿದ್ದನ್ನು ಯಾರೂ ಬಿಚ್ಚಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಕಕ್ಕಸಿಗೆ ನೀರು ಹಾಕಿದರೆ ಇಳಿಯದೆ ಗುಳುಗುಳು ಎಂದು ಗುಳ್ಳೆ ಬರುತ್ತಿತ್ತು. ಕೋಳಿಗಳು ಚಪ್ಪಡಿಯ ಮೇಲೆ ಹತ್ತುವುದನ್ನು ಬಿಟ್ಟವು. ಬಚ್ಚಲ ಗೂಡಿನಲ್ಲಿ ಇಡುತ್ತಿದ್ದ ಖತೀಜಮ್ಮನ ಬೆಳ್ಳಿಯ ಸುಣ್ಣದ ಡಬ್ಬಿ ಕಪ್ಪಗಾಯಿತು. ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಿಸಿದರೆ ಮತ್ತೆ ಕೆಲವೇ ದಿನಕ್ಕೆ ಕಪ್ಪು. ಅದನ್ನು ನನ್ನ ಕೈಗೆ ಕೊಟ್ಟು, "ನಂಗ್ಯಾಕೋ ಸರಿ ಕಾಣ್ತಿಲ್ಲ ಟೀಚರಮ್ಮ. ಹಿಂದ್ಗಡೆ ಏನೋ ಕೂತ್ಕಂಡೈತೆ" ಅಂದರು. ಅವರು ಹಾಗೆ ಪಿಸುಗುಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮದುವೆಗೆ ಮುಂಚೆ ಸರಿಮಾಡಿಸೋಣವೆಂದು ಬಶೀರ್ ಸಣ್ಣಪ್ಪ ಮೇಸ್ತ್ರಿಗೆ ಹೇಳಿ ಕಳಿಸಿದ. ಒಂದು ಭಾನುವಾರ ಬೆಳಗ್ಗೆ ಅವರು ಬಂದರು. ಚಪ್ಪಡಿ ಸರಿಸಿದಾಗ ಎದ್ದ ವಾಸನೆಗೆ ನಾನು ಒಳಗೆ ಓಡಿಹೋದೆ. ಇಬ್ಬರು ಆಳುಗಳು ಬಕೆಟ್ಟಿನಲ್ಲಿ ಮೊಗೆದು ಮೊಗೆದು ದೂರದ ಗುಂಡಿಗೆ ಸುರಿದರು. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಮೊಣಕಾಲುದ್ದದ ಕೆಸರು ಉಳಿಯಿತು. ಆಳುಗಳು ಊಟಕ್ಕೆ ಹೋದರು. ಕಕ್ಕಸಿನಿಂದ ಬರುವ ಕೊಳವೆ ಎಲ್ಲಿ ಕಟ್ಟಿಕೊಂಡಿದೆ ನೋಡಿಬಿಡುತ್ತೇನೆ, ತೊಟ್ಟಿ ನಾನೇ ಕಟ್ಟಿದ್ದಲ್ಲವೇ ಎಂದು ಸಣ್ಣಪ್ಪ ಬಿದಿರಿನ ಏಣಿ ಇಳಿಸಿ, ಮೂಗಿಗೆ ಟವೆಲ್ಲು ಸುತ್ತಿಕೊಂಡು ಇಳಿದರು. ಬಶೀರ್ ಅಂಚಿನಲ್ಲಿ ನಿಂತಿದ್ದ. ಖತೀಜಮ್ಮ ಅಡಿಗೆಮನೆಯ ಬಾಗಿಲಲ್ಲಿ, ಅವರ ಹಿಂದೆ ನಾನು.

ಒಳಗಿನಿಂದ ಸಣ್ಣಪ್ಪನ ಧ್ವನಿ ಬಂತು. ಹಗುರವಾಗಿ, ನಗುತ್ತಿರುವವರ ಹಾಗೆ.

"ಅಮ್ಮಾವ್ರೆ, ವಾಸ್ನೆ ಹೋಗ್ಬುಡ್ತು ಕಣ್ರೀ."

ಖತೀಜಮ್ಮನ ತಲೆ ಹಿಂದಕ್ಕೆ ಹೋಯಿತು. ಅಲ್ಲಿ ಬಾಗಿಲಲ್ಲಿ ನಿಂತ ನಮಗೇ ಕಣ್ಣು ಉರಿಯುವಷ್ಟು ವಾಸನೆ ಇತ್ತು. ಅವರ ಮುಖ ಬಿಳಿಚಿತು.

"ಬಶೀರ್, ಅವನ್ನ ಮೇಲಕ್ ಕರಿ. ಈಗ್ಲೇ ಕರಿ" ಅಂದರು.

ಬಶೀರ್ ಬಗ್ಗಿ ಕೂಗಿದ. ಕೆಸರಿಗೆ ಏನೋ ಬಿದ್ದ ಸದ್ದು ಮಾತ್ರ ಕೇಳಿತು. "ಮೇಸ್ತ್ರಿ ಬಿದ್ಬುಟ್ರು" ಎಂದು ಬಶೀರ್ ಏಣಿಯ ಮೇಲೆ ಕಾಲಿಟ್ಟ. ಆಗ ಖತೀಜಮ್ಮ ಓಡಿದರು. ಆ ಮಂಡಿಯಲ್ಲಿ ಹೇಗೆ ಓಡಿದರೋ, ಹಿಂದಿನಿಂದ ಮಗನ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡು ನೆಲಕ್ಕೆ ಕೂತರು. ಅವನು ಬಿಡಿಸಿಕೊಳ್ಳಲು ನೋಡಿದ. ಬಿಡಮ್ಮಾ, ಸತ್ತುಹೋಗ್ತಾರೆ ಎಂದು ಅತ್ತ, ಮೊಣಕೈಯಿಂದ ಅವರ ಮುಖಕ್ಕೆ ತಿವಿದ. ತುಟಿ ಒಡೆದು ರಕ್ತ ಬಂತು, ಹಿಡಿತ ಸಡಿಲವಾಗಲಿಲ್ಲ.

"ಟೀಚರಮ್ಮ, ಕಾಲ್ ಹಿಡ್ಕೊ" ಅಂದರು.

ನಾನು ಹಿಡಿದುಕೊಂಡೆ.

ನನ್ನ ತಾಯಿ ಬೀದಿಗೆ ಓಡಿ ಕೂಗಿಕೊಂಡರು. ಲಾರಿಯವರು ಬಂದರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದರ ಕೊಕ್ಕೆ ಸಣ್ಣಪ್ಪನ ಸೊಂಟದ ಪಟ್ಟಿಗೆ ಸಿಕ್ಕುವವರೆಗೂ ಜಾಲಾಡಿದರು. ಮೇಲೆ ಬಂದಾಗ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಜೀವ ಹೋಗಿತ್ತು.

ಆಲೂರಿನಿಂದ ಬಂದ ಡಾಕ್ಟರು, ಇಂಥ ಮುಚ್ಚಿದ ತೊಟ್ಟಿಗಳಲ್ಲಿ ವಿಷದ ಗಾಳಿ ತುಂಬಿರುತ್ತದೆ, ಅದು ಮೊದಲು ಮೂಗನ್ನು ಸಾಯಿಸುತ್ತದೆ, ವಾಸನೆ ಹೋಯಿತೆಂದು ಅನ್ನಿಸಿದರೆ ಮುಗಿಯಿತು ಎಂದು ವಿವರಿಸಿದರು. ಮೇಸ್ತ್ರಿಯ ಹಿಂದೆಯೇ ಇಳಿದಿದ್ದರೆ ಬಶೀರನೂ ಮೇಲೆ ಬರುತ್ತಿರಲಿಲ್ಲ ಅಂದರು. ಖತೀಜಮ್ಮ ಒಂದೇ ಪ್ರಶ್ನೆ ಕೇಳಿದರು: ಕೊಳವೆಯ ಬಾಯಿ ಕಟ್ಟಿದ್ದಕ್ಕೆ ಹೀಗಾಯಿತೇ? ಕಟ್ಟದಿದ್ದರೂ ಒಳಗೆ ಇಳಿಯಬಾರದಿತ್ತು ಎಂದು ಡಾಕ್ಟರು ಬ್ಯಾಗು ಮುಚ್ಚಿದರು. ಅವರ ಮುಖ ನೋಡಿ ಹೇಳಲಿಲ್ಲ.

ಸಣ್ಣಪ್ಪನ ಹೆಂಡತಿ ಗಂಗಮ್ಮ ಬಂದಾಗ ಹಿತ್ತಿಲ ತುಂಬ ಜನ. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ, ಕಾಲು ಜಾರಿತು ಎಂದಷ್ಟೇ. ಖತೀಜಮ್ಮ ಒಡೆದ ತುಟಿಯಲ್ಲೇ ಹೋಗಿ ಅವಳ ಎದುರು ನೆಲದ ಮೇಲೆ ಕೂತರು.

"ಕಾಲ್ ಜಾರ್ಲಿಲ್ಲ ಗಂಗವ್ವ. ಆ ಕೊಳವೆ ಬಾಯಿ ಕಟ್ಸಿದ್ದು ನಾನು. ನಿನ್ ಗಂಡ ಬಿದ್ದಾಗ ನನ್ ಮಗ ಇಳಿಯಕ್ ಹೋದ. ಅವನ್ನ ಹಿಡ್ಕಂಡಿದ್ದೂ ನಾನೇ."

ಗಂಗಮ್ಮ ಅವರನ್ನು ನೋಡಿದಳು. ಎದ್ದು ಹೆಣದ ಬಳಿಗೆ ಹೋಗಿ ಗಂಡನ ಕೂದಲಿಗೆ ಅಂಟಿದ್ದ ಕೆಸರನ್ನು ಬೆರಳಿನಿಂದ ತೆಗೆಯುತ್ತ ಕೂತಳು.

ಮಗನನ್ನು ಉಳಿಸಿಕೊಳ್ಳಲು ಮೇಸ್ತ್ರಿಯನ್ನು ಸಾಯಬಿಟ್ಟಳು ಎಂದು ಪೇಟೆಯಲ್ಲಿ ಮಾತು ಹಬ್ಬಿತು. ಬಶೀರನೂ ಹೆಚ್ಚುಕಡಿಮೆ ಅದನ್ನೇ ಹೇಳಿದ. ಗೋಡೆಯಾಚೆ ನನಗೆ ಎಲ್ಲ ಕೇಳುತ್ತಿತ್ತು. ನೀನು ಹಿಡಿಯಬಾರದಿತ್ತು, ಊರಲ್ಲಿ ತಲೆಯೆತ್ತಿ ನಡೆಯದ ಹಾಗೆ ಮಾಡಿದೆ ಎಂದು ಅವನು ನನಗೂ ಅರ್ಧಂಬರ್ಧ ತಿಳಿಯುತ್ತಿದ್ದ ಉರ್ದುವಿನಲ್ಲಿ ಒಂದೇ ಸಮನೆ ಕೂಗಾಡಿದ ಒಂದು ಸಂಜೆ, ಅವರು ಶಾಂತವಾಗಿ ಏನೋ ಅಂದರು. ಮರುದಿನ ನನಗೆ ಕನ್ನಡದಲ್ಲಿ ಹೇಳಿದರು: "ಬೈಕೋ ಅಂದೆ. ಬೈಯಕ್ಕಾದ್ರೂ ಇದ್ದೀಯಲ್ಲ ಅಂದೆ."

ಬಶೀರ್ ಕೊಳವೆಯ ಬಾಯಿ ಬಿಚ್ಚಿಸಿ, ಅದನ್ನು ಮಾಡಿನ ನೆತ್ತಿಗಿಂತ ಮೇಲಕ್ಕೆ ಎತ್ತರಿಸಿದ. ವಾಸನೆ ಪೂರ್ತಿ ಹೋಯಿತು. ಖತೀಜಮ್ಮ ಮಾತ್ರ ಆ ಕಕ್ಕಸಿಗೆ ಮತ್ತೆ ಕಾಲಿಡಲಿಲ್ಲ, ಕೋಲೂರಿಕೊಂಡು ಹಿತ್ತಿಲ ಕೊನೆಯ ಹಳೆಯ ಗುಂಡಿಗೇ ಹೋಗುತ್ತಿದ್ದರು. ನಶ್ಯ ಹಾಕುವುದನ್ನು ಕಲಿತರು. ಬೆಳಗಿನಿಂದ ರಾತ್ರಿಯವರೆಗೆ, ಮೂಗು ಊದಿಕೊಳ್ಳುವಷ್ಟು. ಬಶೀರ್ ಪರದೆಯ ಹಿಂದಕ್ಕೆ ಹಿಡಿ ಕಾಫಿ ಕೊಟ್ಟರೆ, ನೀನೇ ನೋಡಿಕೋ ಎಂದು ವಾಪಸು ಕೊಡುತ್ತಿದ್ದರು. ಮದುವೆಯಾಯಿತು. ಸೊಸೆ ಒಳ್ಳೆಯವಳು. ಸ್ವಲ್ಪ ಕಾಲಕ್ಕೆ ಗಂಡ ಹೆಂಡತಿ ಹಾಸನಕ್ಕೆ ಹೋದರು. ಬಶೀರ್ ತಿಂಗಳಿಗೊಮ್ಮೆ ಬಂದು, ಸಾಮಾನು ಇಳಿಸಿ, ಹೊರಡುತ್ತಿದ್ದ.

ನನಗೆ ಆಲೂರಿಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ, ಅರವತ್ತರ ದಶಕದ ನಡುವೆ, ಒಂದು ಸಂತೆಯ ದಿನ ಅವರನ್ನು ನೋಡಲು ಹೋದೆ. ಅದೇ ಕೊನೆಯ ಭೇಟಿಯಾಯಿತು. ಆ ಮಳೆಗಾಲದಲ್ಲಿ ಅವರು ತೀರಿಕೊಂಡದ್ದು ನನಗೆ ತಡವಾಗಿ ಗೊತ್ತಾಯಿತು. ಅಂದು ಅವರು ಜಗಲಿಯ ಮೇಲೆ, ರಸ್ತೆಗೆ ಮುಖ ಮಾಡಿ ಕೂತಿದ್ದರು. ಒಳಗೆ ಹೋಗೋಣವೆಂದರೆ ಒಪ್ಪಲಿಲ್ಲ. ಗಂಗಮ್ಮ ಈಗ ಸಂತೆಗೆ ಸೊಪ್ಪು ಹೊತ್ತು ತರುತ್ತಾಳೆ, ಇದೇ ದಾರಿಯಲ್ಲಿ ಹೋಗುತ್ತಾಳೆ ಅಂದರು. ಅಂದಿನಿಂದ ಒಂದು ಮಾತೂ ಆಡಿಲ್ಲವಂತೆ. "ಏನಾದ್ರೂ ಅನ್ನಂಗಿದ್ರೆ ಅನ್ಲಿ ಅಂತ ಕೂತಿರ್ತೀನಿ. ನಾನ್ ಒಳಗಿದ್ರೆ ಯಾರಿಗ್ ಅಂತಾಳೆ?"

ಬಿಸಿಲೇರುವ ಹೊತ್ತಿಗೆ ಗಂಗಮ್ಮ ಬಂದಳು, ತಲೆಯ ಮೇಲೆ ಬುಟ್ಟಿ. ಖತೀಜಮ್ಮ ಕಂಬ ಹಿಡಿದು ಎದ್ದು ನಿಂತರು. ಪ್ರತಿ ವಾರವೂ ಹಾಗೇ ನಿಲ್ಲುತ್ತಿದ್ದರೆಂದು ನನಗೆ ಆಗ ತಿಳಿಯಿತು. ಗಂಗಮ್ಮ ನಮ್ಮ ಮುಂದೆ ಹಾದು, ನಾಲ್ಕು ಹೆಜ್ಜೆ ಹೋಗಿ, ನಿಂತಳು. ಬುಟ್ಟಿ ಇದ್ದುದರಿಂದ ಕತ್ತು ತಿರುಗಿಸಲಿಲ್ಲ.

"ಕೂತ್ಕಳಿ" ಅಂದಳು. ಮತ್ತೆ ಹೊರಟಳು.

ಖತೀಜಮ್ಮ ಕೂರಲಿಲ್ಲ. ನಾನು ತೋಳು ಹಿಡಿದು ಕೂರಿಸಲು ಹೋದೆ, ಕೈ ಬಿಡಿಸಿಕೊಂಡರು. ಮಂಗಳೂರಿನ ಕಡೆಯಿಂದ ನನ್ನ ಬಸ್ಸು ಬಂತು. ಹೋಗಿ ಬರುತ್ತೇನೆ ಅಂದೆ, ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ಬಸ್ಸು ಸಂತೆಯ ಜನವನ್ನು ದಾಟಿ ಹೋಗುವಾಗ ಹಿಂದಿರುಗಿ ನೋಡಿದೆ. ಗಂಗಮ್ಮ ಎಲ್ಲೂ ಕಾಣುತ್ತಿರಲಿಲ್ಲ. ಖತೀಜಮ್ಮ ಕಂಬ ಹಿಡಿದುಕೊಂಡು ನಿಂತೇ ಇದ್ದರು.