ಎತ್ತರ ಮಾಡಿಸಿದ ಕಾರು

ಮೊಮ್ಮಗಳು ತನ್ನ ಹಳೆಯ ಕಾರನ್ನು ಎತ್ತರ ಮಾಡಿಸಿದ್ದು ಶೋಕಿಗಲ್ಲ. ನರೋಣಾದಿಂದ ನಮ್ಮ ಹೊಲದ ಮನೆಗೆ ಬರುವ ದಾರಿ ಎರೆಮಣ್ಣಿನದು. ಮಳೆ ಬಿದ್ದರೆ ಕಾರಿನ ಹೊಟ್ಟೆ ನೆಲಕ್ಕೆ ತಾಗಿ ಅಲ್ಲೇ ಕೂತುಬಿಡುತ್ತಿತ್ತು. ಆಳಂದದ ಗ್ಯಾರೇಜಿನಲ್ಲಿ ಉದ್ದನೆಯ ಸ್ಪ್ರಿಂಗು, ದೊಡ್ಡ ಟಾಯರು ಹಾಕಿಸಿಕೊಂಡು ಬಂದಳು. ಅವಳು ಆಳಂದದ ಒಂದು ದವಾಖಾನೆಯಲ್ಲಿ ನರ್ಸು. ಡ್ಯೂಟಿ ಮುಗಿಯುವ ಹೊತ್ತಿಗೆ ಬಸ್ಸಿರುವುದಿಲ್ಲ. ಕಾರು ಹೋದರೆ ನೌಕರಿಯೂ ಹೋದಂತೆ.

ಎತ್ತರವಾದ ಮೇಲೆ ಹಿಂದಿನ ಗಾಲಿಗಳ ಕಡೆಯಿಂದ ಕಟ್ ಕಟ್ ಎಂಬ ಸದ್ದು ಶುರುವಾಯಿತು. ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ. ಅವಳಪ್ಪನಿಗೆ, ಅಂದರೆ ನನ್ನ ಮಗನಿಗೆ, ಮಗಳು ಕಾರು ಓಡಿಸುವುದೇ ಸೇರುತ್ತಿರಲಿಲ್ಲ. ನೆಪ ಸಿಕ್ಕಿತು. ಜೇವರ್ಗಿಯಲ್ಲಿ ಗಿರಾಕಿ ಹುಡುಕಿದ.

"ಗಾಲಿ ಕಳಚಿ ಬೀಳೂಕಿಂತ ಮೊದ್ಲ ಮಾರೋದು ಛಲೋ. ಐತಾರ ಬಂದು ಒಯ್ತಾನ."

"ಸದ್ದು ಎಲ್ಲಿಂದ ಅಂತ ಗೊತ್ತಾದ್ರ?" ಎಂದಳು ಮೊಮ್ಮಗಳು.

"ಗೊತ್ತಾದ್ರ ಇಟ್ಕೊ ಬೇ. ಮಿಸ್ತ್ರಿಗೇ ಸಿಗಲಾರದ್ದು ನಿನಗ ಸಿಗ್ತದೇನು?"

ನಮಗೆ ಗುರುತಿನ ಅಫಜಲಪುರದ ಗ್ಯಾರೇಜಿನ ಮಿಸ್ತ್ರಿ ಎರಡು ಸಲ ಓಡಿಸಿ ನೋಡಿ, ಏನೂ ಇಲ್ಲ ಎಂದಿದ್ದ. ಅವನ ಕೈಗೆ ಕೊಟ್ಟರೆ ಕಾರು ಹಾಲು ಕುಡಿದ ಕೂಸಿನ ಹಾಗೆ ಸುಮ್ಮನಾಗುತ್ತಿತ್ತು. ಹೊಳ್ಳಿ ಬರುವಾಗ ಮತ್ತೆ ಕಟ್ ಕಟ್.

ಶುಕ್ರವಾರ ತೊಗರಿ ಚೀಲ ಹಾಕಿಕೊಂಡು ನಾನೂ ಮೊಮ್ಮಗಳೂ ಆಳಂದಕ್ಕೆ ಹೋದೆವು. ಹೋಗುವಾಗ ಸದ್ದಿಲ್ಲ. ಚೀಲ ಇಳಿಸಿ ಬಜಾರದ ಗೇಟು ದಾಟುವಷ್ಟರಲ್ಲಿ ಶುರು. ಆಗ ಈ ಮುದುಕಿಯ ತಲೆಗೆ ಹೊಳೆಯಿತು. ಮಿಸ್ತ್ರಿಯ ಕಡೆ ನಾವು ಯಾವತ್ತೂ ಖಾಲಿ ಹೋಗಿಯೇ ಇರಲಿಲ್ಲ. ನಮ್ಮ ಕಡೆ ಖಾಲಿ ಗಾಡಿ ಒಯ್ಯುವುದು ಮರ್ಯಾದೆಯಲ್ಲ, ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳಬೇಕು. ಅಫಜಲಪುರದ ಕಡೆ ಹೊರಟರಂತೂ ಘತ್ತರಗಿಗೆ ದೇವಿ ದರ್ಶನಕ್ಕೆ ಹೋಗುವವರು ತುಂಬಿಕೊಳ್ಳುತ್ತಾರೆ. ಮಿಸ್ತ್ರಿ ಓಡಿಸಿ ನೋಡುವಾಗಲೂ ಅವರು ಇಳಿಯದೆ ಒಳಗೇ ಕೂತಿರುತ್ತಿದ್ದರು. ಆಮೇಲೆ ಅವರನ್ನು ಘತ್ತರಗಿಯ ಬಸ್ಸಿಗೆ ಹತ್ತಿಸಿ, ಹೊತ್ತು ಮುಳುಗಿದ ಮೇಲೆ ನಾವು ಖಾಲಿ ಹೊಳ್ಳುತ್ತಿದ್ದೆವು.

ಶನಿವಾರ ಮತ್ತೆ ಅಫಜಲಪುರಕ್ಕೆ ಹೊರಟೆವು. ಊರ ಮುಂದೆಯೇ ಓಣಿಯ ಹೆಂಗಸೊಬ್ಬಳು ದೇವಿಗೆ ಉಡಿ ತುಂಬುವ ಸಾಮಾನು ಹಿಡಿದು ನಿಂತಿದ್ದಳು.

"ಘತ್ತರಗಿಗೆ ಹೊಂಟೇನಿ, ಒಂಚೂರು ಸರೀರಿ."

"ಇವತ್ತ ಯಾರ್ನೂ ಹತ್ತಿಸಂಗಿಲ್ಲ," ಎಂದೆ.

"ಸೀಟ್ ಖಾಲಿ ಅದಾವಲ್ರಿ?"

"ಖಾಲಿ ಇರ್ಲಿ ಅಂತೇ ಒಯ್ಯಾಕತ್ತೇವಿ."

"ಕಾರ್ ಎತ್ತರ ಆದಂಗ ನಿಮ್ಮ ಮೂಗೂ ಎತ್ತರ ಆಗ್ಯದ ಬಿಡ್ರಿ," ಎಂದಳು. ಮೊಮ್ಮಗಳು ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಗಾಡಿ ಬಿಟ್ಟಳು. ದಾರಿಯುದ್ದಕ್ಕೂ ಕೈ ಮಾಡಿದವರ ಬೈಗುಳ ತಿಂದೆವು. ಕಟ್ ಕಟ್ ಎನ್ನುತ್ತಲೇ ಗ್ಯಾರೇಜು ಮುಟ್ಟಿದೆವು.

ನಾವಿಬ್ಬರೂ ಇಳಿದು ಮಿಸ್ತ್ರಿಯನ್ನು ಒಬ್ಬನನ್ನೇ ಕಳಿಸಿದೆವು. ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದ.

"ಹೊಡಿಯಾಕತ್ತದ ಆಯಿ," ಎಂದು ಕಾರಿನಡಿ ತೂರಿದ. ಹೊರಗೆ ಬಂದವನು ನಗುತ್ತಿದ್ದ. ಸ್ಪ್ರಿಂಗಿನ ಕುಣಿತ ತಡೆಯುವ ಕೊಳವೆಗೆ ಶಾಕಬ್ಸರ್ ಅನ್ನುತ್ತಾರೆ. ಆಳಂದದವರು ಸ್ಪ್ರಿಂಗನ್ನು ಉದ್ದ ಮಾಡಿ, ಇದನ್ನು ಹಳೆಯದೇ, ಗಿಡ್ಡದ್ದೇ ಬಿಟ್ಟಿದ್ದರು. ಗಾಡಿ ಖಾಲಿ ಇದ್ದರೆ ಹಿಂಬದಿ ಮೇಲಕ್ಕೆದ್ದು, ತಗ್ಗು ಬಂದಾಗಲೆಲ್ಲ ಕೊಳವೆ ಕೊನೆತನಕ ಜಗ್ಗಿ ಬಡಿಯುತ್ತಿತ್ತು. ಮಂದಿ ಕೂತರೆ ಹಿಂಬದಿ ಕುಸಿದು ಸುಮ್ಮನಾಗುತ್ತಿತ್ತು.

"ಪೈಲೇ ಖಾಲಿ ತರ್ಬೇಕಿಲ್ರಿ?" ಎಂದ.

"ನೀನರೆ ಎಲ್ಲಾರ್ನೂ ಇಳಸಬೇಕಿಲ್ಲ?"

"ಹೆಣ್ಮಕ್ಳು ಕುಂತಾರ. ಇಳೀರಿ ಅಂತ ಹ್ಯಾಂಗ ಅನ್ಲಿ ಆಯಿ?"

ಅದೂ ಖರೆ. ಸಂಜೆಯೊಳಗೆ ಹಿಂದಿನ ಎರಡೂ ಕಡೆ ಉದ್ದನೆಯ ಶಾಕಬ್ಸರ್ ಹಾಕಿಕೊಟ್ಟ. ಊರಿನ ತನಕ ಒಂದೂ ಸದ್ದಿಲ್ಲ. ಮೊಮ್ಮಗಳು ಬೇಕಂತಲೇ ತಗ್ಗು ಹುಡುಕಿ ಹುಡುಕಿ ಇಳಿಸಿದಳು. ನನ್ನ ಸೊಂಟ ನೋವಾಯಿತು, ಆದರೂ ಬ್ಯಾಡ ಅನ್ನಲಿಲ್ಲ.

ಐತವಾರ ಗಿರಾಕಿ ಬರುವ ಮೊದಲು ಮಗನ ಕೈಗೆ ಕೀಲಿ ಕೊಟ್ಟೆ. ಒಬ್ಬನೇ ಹೋದ. ಕಿಟಕಿ ಇಳಿಸಿ ಹೊಲದ ದಾರಿಯಲ್ಲಿ ಹೋದ, ಬಂದ, ಮತ್ತೆ ಹೋದ. ನಾನು ಎಲೆಅಡಿಕೆ ಹಾಕಿಕೊಂಡು ಅವನಿಗೆ ಕಾಣುವಂತೆ ಕಟ್ಟೆಯ ಮೇಲೆ ಕೂತೆ. ಇಳಿದು ಬಂದವನು ಟಾಯರಿಗೊಮ್ಮೆ ಒದ್ದು, ಫೋನು ತೆಗೆದ.

"ಬರಬ್ಯಾಡ್ರಿ," ಎಂದ ಜೇವರ್ಗಿಯವನಿಗೆ. "ಗಾಡಿ ನಂದಲ್ರಿ, ನನ್ನ ಮಗಳದು. ಆಕಿ ಕೊಡಂಗಿಲ್ಲಂತ."