ನಾನು ಓದದೆ ಬಿಟ್ಟ ಕೊನೆಯ ಅಧ್ಯಾಯ

ಯರಗುಪ್ಪಿಗೆ ಸೊಸೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಎಂಟು ಸೀರೆಗಳೂ ಅವುಗಳ ಅಡಿಯಲ್ಲಿ ಎಸ್ಸೆಸ್ಸೆಲ್ಸಿಯ ಒಂದು ಮಾರ್ಕ್ಸ್ ಕಾರ್ಡೂ ಇದ್ದವು. ಅತ್ತೆ ಒಂದೊಂದೇ ಸೀರೆ ಎತ್ತಿ ನೋಡುತ್ತ ಬಂದು, ಕೊನೆಗೆ ಆ ಕಾರ್ಡು ಹಿಡಿದು, "ಇದನ್ನ ಯಾವ ಹಬ್ಬಕ್ಕ ಉಡ್ತಿ?" ಎಂದು ಕೇಳಿದರು. ಸುತ್ತ ಕೂತ ಹೆಂಗಸರು ನಕ್ಕರು, ನಾನೂ ನಕ್ಕೆ. ಅತ್ತೆಗೆ ಓದು ಬರಹ ಗೊತ್ತಿರಲಿಲ್ಲ. ಮಾತನ್ನು ಮಾತ್ರ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇವತ್ತು ನಾಲ್ಕು ಜನ ಕೂತು ಕೇಳುವ ಹಾಗೆ ನಾನೊಂದು ಸುದ್ದಿ ಹೇಳುತ್ತೇನೆಂದರೆ ಅದು ಹೈಸ್ಕೂಲಿನಲ್ಲಿ ಕಲಿತದ್ದಲ್ಲ. ತವರಿನಲ್ಲಿ ಅಜ್ಜಿಯ ಹತ್ತಿರ, ಇಲ್ಲಿ ಅತ್ತೆಯ ಹತ್ತಿರ ಕಲಿತದ್ದು.

ಎಂಬತ್ತರ ದಶಕದ ನಡುವಿನ ಮಾತು ಇದು. ನನ್ನ ಗಂಡ ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ದಿನಾ ಹೋಗಿ ಬರುತ್ತಿದ್ದರು. ಅಂಗಡಿಯ ಬಾಜು ಬಾಡಿಗೆಗೆ ಕಾದಂಬರಿ ಕೊಡುವ ಲೈಬ್ರರಿ ಇತ್ತು. ವಾರಕ್ಕೊಂದು ತಂದುಕೊಡುತ್ತಿದ್ದರು. ದಪ್ಪ ರಟ್ಟು ಹಾಕಿ ದಾರದಿಂದ ಹೊಲಿದ ಪುಸ್ತಕಗಳು. ಹಾಳೆಯ ಅಂಚಿನಲ್ಲಿ ಹಿಂದೆ ಓದಿದವರು ನಾಯಕನಿಗೆ ಪೆನ್ಸಿಲಿನಲ್ಲಿ ಬರೆದ ಬೈಗುಳಗಳು. ನಾನು ಒಲೆಯ ಮುಂದೆ ರೊಟ್ಟಿ ಬೇಯುವ ನಡುನಡುವೆ ಓದುತ್ತಿದ್ದೆ. ಒಂದು ದಿನ ರೊಟ್ಟಿ ಸೀದು ಹೋಯಿತು. ಬೈಯಲು ಬಂದ ಅತ್ತೆ, ಅಂಥಾದ್ದೇನು ಬರೆದಾನೆ ಅದರಲ್ಲಿ ಎಂದು ಕೇಳಿದರು. ನಾನು ಹೇಳತೊಡಗಿದೆ. ಎರಡನೆಯ ರೊಟ್ಟಿಯೂ ಸೀಯಿತು, ಅದಕ್ಕೆ ಬೈಯುವವರೇ ಇರಲಿಲ್ಲ.

ಮರುದಿನದಿಂದ ಮಧ್ಯಾಹ್ನ ಪಡಸಾಲೆಯಲ್ಲಿ ಓದು ಶುರುವಾಯಿತು. ಮೆಣಸಿನಕಾಯಿ ಸುಗ್ಗಿ. ಓಣಿಯ ಏಳೆಂಟು ಹೆಂಗಸರು ಒಣಗಿದ ಕಾಯಿಯ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು, ನಾನು ಗೋಡೆಗೆ ಆನಿಕೊಂಡು ಓದುತ್ತಿದ್ದೆ. ಖಾರದ ಘಾಟಿಗೆ ಎಲ್ಲರ ಕಣ್ಣಲ್ಲೂ ಮೊದಲೇ ನೀರು. ಕಾದಂಬರಿಗೆ ಅತ್ತದ್ದು ಯಾವುದು, ಕಾಯಿಗೆ ಅತ್ತದ್ದು ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ಆದರೆ ಪುಸ್ತಕದ ಭಾಷೆ ಅವರಿಗೆ ಹಿಡಿಸಲಿಲ್ಲ. ಗಂಡನೊಬ್ಬ ಹೆಂಡತಿಗೆ ದಯವಿಟ್ಟು ಕುಳಿತುಕೋ ಎಂದದ್ದನ್ನು ಓದಿದಾಗ, ಎದುರು ಮನೆಯ ಚಾಚಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ಇವರಿಬ್ಬರೂ ಮನೆಯಲ್ಲಿದ್ದಾರೋ ಮಾಮಲೇದಾರ ಕಚೇರಿಯಲ್ಲಿದ್ದಾರೋ ಎಂದು ಕೇಳಿದಳು. ನಮ್ಮ ಮಾತಿನಲ್ಲಿ ಹೇಳು ಎಂದು ಅತ್ತೆಯ ಅಪ್ಪಣೆಯಾಯಿತು. ಹೀಗೆ ಕಣ್ಣಲ್ಲಿ ಒಂದು ಓದಿ ಬಾಯಲ್ಲಿ ಇನ್ನೊಂದು ಹೇಳುವ ರೂಢಿ ನನಗೆ ಬಿತ್ತು.

ಬರೆದವರ ಬಗ್ಗೆಯೂ ಪಂಚಾಯಿತಿ ನಡೆಯುತ್ತಿತ್ತು. ಅವರೆಲ್ಲರಿಗೂ ಮೆಚ್ಚಿಗೆಯಾದ ಒಬ್ಬ ಕಾದಂಬರಿಕಾರರಿದ್ದರು. ಯಾವ ಬಸ್ ಸ್ಟ್ಯಾಂಡಿಗೆ ಹೋದರೂ ಅವರ ಪುಸ್ತಕ ನೇತಾಡುತ್ತಿರುತ್ತಿತ್ತು. ಹಿಂದಿನ ಪುಟದಲ್ಲಿ ನೀಲಿ ಮಸಿಯ ಫೋಟೋ: ದಪ್ಪ ಕನ್ನಡಕ, ಒಳಗೆ ಹೋದ ಗಲ್ಲ. ಅಣ್ಣಿಗೇರಿ ಕಡೆಯವರು, ರೈಲ್ವೆಯಲ್ಲಿ ಟಿಕೆಟ್ ಕೊಡುವ ಕ್ಲಾರ್ಕು ಎಂದು ಅದರ ಕೆಳಗೆ ಇತ್ತು. ಇವರಿಗೆ ಏಳು ಹೆಣ್ಣುಮಕ್ಕಳಿರಬೇಕು, ಇಲ್ಲದಿದ್ದರೆ ಮುಖ ಹೀಗೆ ಬತ್ತುವುದಿಲ್ಲ ಎಂದು ಚಾಚಿ. ಹೆಂಡತಿಯೇ ಇಲ್ಲ ಎಂದು ಅತ್ತೆ. ಮನೆಯಲ್ಲೊಬ್ಬಳು ಹೆಂಡತಿ ಇರುವ ಗಂಡಸಿಗೆ ಹೆಂಗಸರ ದುಃಖ ಇಷ್ಟು ಕಾಣುವುದಿಲ್ಲ ಎನ್ನುವುದು ಅವರ ವಾದ.

ಈ ಮಾತುಗಳಲ್ಲೆಲ್ಲ ಬಾಯಿ ಹಾಕದವಳು ಬಾಜು ಮನೆಯ ಅಕ್ಕ ಒಬ್ಬಳೇ. ಮೂವತ್ತರ ಆಸುಪಾಸಿನವಳು. ಗಂಡನ ಊರು ಮೊರಬದಲ್ಲಿ ಅವನು ಇನ್ನೊಬ್ಬಳನ್ನು ತಂದು ಇಟ್ಟುಕೊಂಡ ಮೇಲೆ ಉಟ್ಟ ಸೀರೆಯಲ್ಲಿ ಅಣ್ಣನ ಮನೆಗೆ ಬಂದಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಬಳುವಳಿ, ಅಂದರೆ ಹಿತ್ತಾಳೆಯ ಹಂಡೆ, ಪೆಟ್ಟಿಗೆ, ಒಂದು ಆಕಳು, ಎಲ್ಲ ಅಲ್ಲೇ ಉಳಿದಿತ್ತು. ನೀರು ಸೇದಲು ಹೋದಾಗ ಎರಡು ಸಲ ಆಕೆಯನ್ನು ನಾನು ನೋಡಿದ್ದೆ. ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು ಬಾವಿಯೊಳಗೆ ನೋಡುತ್ತ ನಿಂತಿದ್ದಳು. ನಾನು ಬಂದದ್ದು ಕೇಳಿಸಿದರೂ ಬೇಗ ತಲೆ ಎತ್ತಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ಹೇಗೆ ಹೇಳಬೇಕೋ ತಿಳಿಯಲಿಲ್ಲ.

ಆ ಸುಗ್ಗಿಯಲ್ಲಿ ಓದಿದ್ದು ಅದೇ ರೈಲ್ವೆ ಕ್ಲಾರ್ಕರ ಕಾದಂಬರಿ. ಅದರ ನಾಯಕಿಯ ಪಾಡೂ ಇದೇ: ಗಂಡ ಬಿಟ್ಟವಳು, ಅಣ್ಣನ ಮನೆ ಸೇರಿದವಳು. ಮೂರನೆಯ ದಿನದಿಂದ ಅಕ್ಕ ಎಲ್ಲರಿಗಿಂತ ಮೊದಲು ಬಂದು ನನ್ನ ಎದುರಿಗೇ ಕೂರತೊಡಗಿದಳು. ಒಂದು ದಿನ ಏಳುವಾಗ, ಮೆಲ್ಲಗೆ, ನಾಳೆ ಆಕೆ ಏನು ಮಾಡುತ್ತಾಳೆ ಎಂದು ಕೇಳಿದಳು.

ನಾಳೆ ಏನು ಮಾಡುತ್ತಾಳೆಂದು ನಾನು ಬೆಳಿಗ್ಗೆ ಒಲೆಯ ಮುಂದೆ ಓದಿ ತಿಳಿದುಕೊಂಡೆ. ಕೊನೆಯ ಅಧ್ಯಾಯದಲ್ಲಿ ಆಕೆ ಬಾವಿಗೆ ಬೀಳುತ್ತಿದ್ದಳು. ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ಸಾಯುವುದೇ ಒಂದು ವಿಶ್ರಾಂತಿ ಎನಿಸುವಂತಿತ್ತು.

ಮಧ್ಯಾಹ್ನ ಆ ಅಧ್ಯಾಯ ತೆರೆದು ಅಕ್ಕನ ಮುಖ ನೋಡಿದೆ. ಆಮೇಲೆ ನನ್ನ ಬಾಯಿ ತನ್ನ ದಾರಿ ತಾನು ಹಿಡಿಯಿತು. ನನ್ನ ನಾಯಕಿ ಬಾವಿಯ ಕಡೆ ಹೋಗಲೇ ಇಲ್ಲ. ಅಣ್ಣನಿಗೆ ಹೇಳಿ ಚಕ್ಕಡಿ ಹೂಡಿಸಿದಳು. ನಡುಹಗಲಿನಲ್ಲಿ, ಊರೆಲ್ಲ ನೋಡುವ ಹೊತ್ತಿಗೆ, ಗಂಡನ ಮನೆಯ ಮುಂದೆ ಇಳಿದಳು. ಜಗಳಾಡಲಿಲ್ಲ, ಅಳಲಿಲ್ಲ. ತನ್ನ ಬಳುವಳಿಯ ಸಾಮಾನು ಒಂದೊಂದೇ ಹೇಳಿ ಹೊರಗೆ ತರಿಸಿ ಹೇರಿಸಿದಳು. ಆಕಳನ್ನು ಚಕ್ಕಡಿಯ ಹಿಂದೆ ಕಟ್ಟಿಕೊಂಡು ವಾಪಸು ಬಂದಳು. ಅಲ್ಲಿಗೆ ಮುಗಿಯಿತು ಎಂದೆ. ರೊಟ್ಟಿ ಹಂಚು ತಂದಳೋ ಇಲ್ಲವೋ ಎಂದು ಚಾಚಿ ಕೇಳಿದಳು. ತಂದಳು ಎಂದೆ. ಅತ್ತೆ ತೃಪ್ತಿಯಿಂದ ಕೆಮ್ಮಿದರು. ಅಕ್ಕ ಸೆರಗಿನ ತುಂಬ ತೊಟ್ಟು ಇಟ್ಟುಕೊಂಡು ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತಿದ್ದಳು.

ಹದಿನೈದು ದಿನದ ಮೇಲೆ ಬಾಜು ಮನೆಯಲ್ಲಿ ದೊಡ್ಡ ಮಾತು ಕೇಳಿಸಿತು. ಅಕ್ಕ ಅಣ್ಣನಿಗೆ, ಮೊರಬಕ್ಕೆ ಹೋಗಿ ನನ್ನ ಸಾಮಾನು ತರೋಣ ಎನ್ನುತ್ತಿದ್ದಳು. ಅಣ್ಣ ಕೆಟ್ಟವನಲ್ಲ, ಮಂದಿಗೆ ಅಂಜುವವನು. ನಾಲ್ಕು ಜನ ನಗುತ್ತಾರೆ ಎಂದ.

"ಪುಸ್ತಕದಾಗ ಬರ್ದಾರಣ್ಣಾ," ಎಂದಳು ಅಕ್ಕ. "ಕಲಿತವರು, ನೌಕರದಾರರು ಬರ್ದಾರ. ತಪ್ಪಿದ್ರ ಅಚ್ಚ ಹಾಕತಿದ್ರೇನು?"

ಅಚ್ಚಾದ ಮಾತಿಗೆ ಎದುರಾಡಲು ಅಣ್ಣನಿಗೆ ಆಗಲಿಲ್ಲ. ಟ್ರ್ಯಾಕ್ಟರ್ ತೆಗೆದುಕೊಂಡು ಹೋದರು, ಹೊತ್ತು ಮುಳುಗುವ ಮೊದಲೇ ಬಂದರು. ಹಂಡೆ ಬಂತು, ಪೆಟ್ಟಿಗೆ ಬಂತು, ಆಕಳು ತನ್ನ ಕರುವಿನ ಸಮೇತ ಬಂತು. ಅಕ್ಕ ಅಣ್ಣನ ಮನೆಯ ಮುಂದಿನ ಖೋಲಿಯಲ್ಲಿ ಬೇರೆ ಒಲೆ ಹೂಡಿದಳು, ಡೇರಿಗೆ ಹಾಲು ಹಾಕತೊಡಗಿದಳು. ಯಾರಾದರೂ ಚುಚ್ಚಿದರೆ ಪುಸ್ತಕದ ಮಾತು ಮುಂದಿಡುತ್ತಿದ್ದಳು. ಅದು ಕೇಳಿಸಿದಾಗಲೆಲ್ಲ ನಾನು ಏನೋ ಕೆಲಸ ನೆನಪಾದಂತೆ ಒಳಗೆ ಹೋಗಿಬಿಡುತ್ತಿದ್ದೆ. ಆ ಪುಸ್ತಕ ಆಕೆಯ ಕಾಲ ಕೆಳಗಿನ ನೆಲವಾಗಿತ್ತು. ಅದರ ಅಡಿಯಲ್ಲಿ ಬಾವಿ ಇದ್ದದ್ದು ನನಗೊಬ್ಬಳಿಗೇ ಗೊತ್ತಿತ್ತು.

ಮುಂದಿನ ಸುಗ್ಗಿಗೆ ನಮ್ಮೂರ ಹೈಸ್ಕೂಲಿನ ಗ್ಯಾದರಿಂಗ್, ಅಂದರೆ ವಾರ್ಷಿಕ ಸಮಾರಂಭ. ಮುಖ್ಯ ಅತಿಥಿ ಯಾರು ಎಂದರೆ ಅದೇ ಕಾದಂಬರಿಕಾರರು. ಹೆಡ್ ಮಾಸ್ತರರು ಮನೆಗೆ ಬಂದು, ನಿಮ್ಮ ಸೊಸೆ ಅವರ ಪುಸ್ತಕ ಓದುವಾಕೆ, ಊಟ ನಿಮ್ಮಲ್ಲೇ ಆಗಲಿ ಎಂದು ಅತ್ತೆಯನ್ನು ಒಪ್ಪಿಸಿದರು. ನನಗೆ ಆ ವಾರ ಅನ್ನ ಸೇರಲಿಲ್ಲ.

ಬಂದವರು ಫೋಟೋಗಿಂತ ಹೆಚ್ಚು ಸೊರಗಿದ್ದರು. ಅಂಗಿಯ ಕಾಲರು ತಿರುವಿ ಹೊಲಿಸಿದ್ದು. ಹೊಟ್ಟೆಯಲ್ಲಿ ಹುಣ್ಣಂತೆ, ಅತ್ತೆ ಮಾಡಿದ ಎಣ್ಣೆಗಾಯಿ ಮುಟ್ಟದೆ ಮೊಸರಿನಲ್ಲಿ ರೊಟ್ಟಿ ನೆನೆಸಿಕೊಂಡು ಉಂಡರು. ಅತ್ತೆಗೆ ಮನಸ್ಸಿಗೆ ಹತ್ತಿತು. ಆದರೂ ಬಿಡದೆ ಮಕ್ಕಳೆಷ್ಟು ಎಂದು ವಿಚಾರಿಸಿಯೇಬಿಟ್ಟರು. ಹೆಂಡತಿ ಇದ್ದಳು, ಒಬ್ಬನೇ ಮಗ. ಚಾಚಿ, ಅತ್ತೆ ಇಬ್ಬರೂ ಸೋತಂತಾಯಿತು. ಟಿಕೆಟ್ ಕೊಟ್ಟು, ಮುಂದಿನ ಗಾಡಿ ಬರುವವರೆಗಿನ ಹೊತ್ತಿನಲ್ಲಿ ರದ್ದಾದ ಫಾರ್ಮುಗಳ ಹಿಂದೆ ಬರೆಯುತ್ತೇನೆ ಎಂದು ಅವರು ನಾಚಿಕೆಯಿಂದ ಹೇಳಿದರು.

ಅಷ್ಟರಲ್ಲಿ ಅಕ್ಕ ಒಂದು ತಂಬಿಗೆ ಹಾಲು ಹಿಡಿದು ಬಂದಳು. ಅವರ ಮುಂದೆ ಇಟ್ಟು, ಸೆರಗು ಹೊದ್ದು ನಿಂತಳು.

"ಸಾಹೇಬರ, ಕಡೀಕ ಆಕಿ ತನ್ನ ಬಳುವಳಿ ತಂದ್ಲಲ್ರಿ. ಅದನ್ನ ಭಾಳ ಛಲೋ ಬರ್ದೀರಿ."

ಅವರ ಕೈ ತಟ್ಟೆಯ ಮೇಲೆ ನಿಂತಿತು. ಅಕ್ಕನನ್ನು ನೋಡಿದರು, ಅತ್ತೆಯನ್ನು ನೋಡಿದರು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಮೊಸರಿನ ಪಾತ್ರೆ ಹಿಡಿದು ಕಲ್ಲಾದ ನನ್ನನ್ನು ನೋಡಿದರು. ನಾನು ಕಣ್ಣು ಕೆಳಗಿಳಿಸಿದೆ. ಅಲ್ಲಿಗೆ ಅವರಿಗೆ ತಿಳಿದಿರಬೇಕು.

"ಬರದು ಭಾಳ ದಿನಾ ಆತವಾ," ಎಂದರು. "ಹೆಂಗ ತಂದ್ಲು, ನೀನಽ ಒಮ್ಮೆ ಹೇಳು, ನೋಡೂಣು."

ಅಕ್ಕ ಹೇಳಿದಳು. ಮೊದಲು ಕಾದಂಬರಿಯಂತೆ ಶುರುವಾದದ್ದು ಹೇಳುತ್ತ ಹೇಳುತ್ತ ಮೊರಬವಾಯಿತು, ಚಕ್ಕಡಿ ಟ್ರ್ಯಾಕ್ಟರಾಯಿತು. ಗಂಡ ಬಾಗಿಲಲ್ಲಿ ನಿಂತಿದ್ದವನು ಬಂದು ಹಂಡೆಗೆ ತಾನೇ ಒಂದು ಕೈ ಹಚ್ಚಿದ್ದು, ಇನ್ನೊಬ್ಬಳು ಒಳಗಿಂದ ಕರುವಿನ ಹಗ್ಗ ತಂದುಕೊಟ್ಟದ್ದು, ಎಲ್ಲ ಬಂತು. ತಮ್ಮ ಪುಸ್ತಕದ ಕೊನೆಯನ್ನು ಅವರು ಊಟ ಮರೆತು ಕೇಳಿದರು.

"ಹೌದವಾ, ಹಂಗಽ ಆತು," ಎಂದರು ಕೊನೆಗೆ.

ಹಿತ್ತಲಲ್ಲಿ ನಾನು ಕೈಗೆ ನೀರು ಹಾಕುವಾಗ ಅವರು ತಲೆ ಎತ್ತದೆ ಕೇಳಿದರು: "ನನ್ನ ಬಾವಿ ಎಲ್ಲಿ ಒಯ್ದ್ರಿ?"

ಅಕ್ಕ ಬಾವಿಯ ಹತ್ತಿರ ನಿಂತದ್ದನ್ನು ಮಾತ್ರ ಹೇಗೋ ಹೇಳಿದೆ. ಅವರು ಕರವಸ್ತ್ರದಿಂದ ಕೈ ಒರೆಸಿಕೊಂಡರು. ಆಮೇಲೆ ತಮ್ಮ ವೈನಿಯ ಸುದ್ದಿ ಹೇಳಿದರು. ವೈನಿ ಅಂದರೆ ಅಣ್ಣನ ಹೆಂಡತಿ. ತಾಯಿ ತೀರಿದ ಮೇಲೆ ಇವರನ್ನು ಸಾಕಿದವಳು ಆಕೆಯೇ. ಗಂಡನ ಕಾಟ ತಾಳಲಾರದೆ, ಬಂದು ಕರೆದುಕೊಂಡು ಹೋಗಿ ಎಂದು ತವರಿಗೆ ಕಾಗದ ಬರೆಸಿದಳು. ಬರೆಯುವವರು ಇವರು, ಆಗ ಹದಿನಾರು ವರ್ಷ. ತಂದೆ ಬೆನ್ನ ಹಿಂದೆ ನಿಂತಿದ್ದರು. ತಂದೆಗೆ ಅಂಜಿ ಇವರು, ನಾನು ಇಲ್ಲಿ ಆರಾಮ ಇದ್ದೇನೆ, ಯಾರೂ ಬರುವುದು ಬೇಡ ಎಂದು ಬರೆದರು. ವೈನಿ ಓದಿ ತೋರಿಸು ಎಂದಾಗ ಆಕೆ ಹೇಳಿದಂತೆಯೇ ಓದಿ ತೋರಿಸಿದರು. ಒಂದು ತಿಂಗಳು ಆಕೆ ದಾರಿ ನೋಡಿದಳು. ಆಮೇಲೆ ಬಾವಿ.

"ಅವತ್ತಿಂದ ಆದದ್ದನ್ನ ಆದಂಗ ಬರೀಬೇಕು ಅಂತ ಹಟಾ ಹಿಡದೇನ್ರಿ. ನಿಮ್ಮ ಮ್ಯಾಲೆ ಸಿಟ್ಟ ಬಂದಿತ್ತು. ಆಕಿ ಕರುವಿನ ಹಗ್ಗದ ಸುದ್ದಿ ಹೇಳೂಮುಂದ ಎಲ್ಲಿ ಹೋತೋ." ಹೊರಡುವಾಗ ಮತ್ತೆ ತಿರುಗಿ ನಿಂತರು. "ಆದ್ರ ಆಕಿಗೆ ಖರೇ ಹೇಳಿಬಿಡ್ರಿ. ತಾ ಮಾಡಿದ್ದು ಯಾವ ಪುಸ್ತಕದಾಗೂ ಇಲ್ಲ, ತನ್ನದಽ ಅಂತ ಗೊತ್ತಾಗಲಿ."

ಮೂರು ದಿನ ನನಗೆ ಧೈರ್ಯ ಸಾಲಲಿಲ್ಲ. ನಾಲ್ಕನೆಯ ದಿನ ಸಂಜೆ ಅಕ್ಕ ಆಕಳು ಹಿಂಡುವಾಗ ಹೋಗಿ, ಬಗಲಲ್ಲಿ ಕೂತು, ಎಲ್ಲ ಹೇಳಿದೆ. ಪುಸ್ತಕದವಳು ಬದುಕಲಿಲ್ಲ ಎಂದೆ. ಆಕೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ನನಗ ಓದಾಕ ಬರಂಗಿಲ್ಲ ತಂಗಿ, ನೋಡಾಕ ಬರತೈತಿ," ಎಂದಳು. "ದಿನಾ ಹಾಳಿ ತಿರುವಿ ತಿರುವಿ ಓದತಿದ್ದಿ. ಅವತ್ತ ಅಷ್ಟುದ್ದ ಕತಿ ಹೇಳಿದಿ, ಒಂದ ಹಾಳಿ ತಿರುವಲಿಲ್ಲ."

ಹಾಗಾದರೆ ಅಣ್ಣನ ಮುಂದೆ ಪುಸ್ತಕ ಪುಸ್ತಕ ಎಂದದ್ದು ಯಾಕೆ ಎಂದು ಕೇಳಿದೆ. ನನ್ನ ಮಾತು ಯಾರು ಕೇಳುತ್ತಿದ್ದರು, ಅಚ್ಚಾದದ್ದು ಎಂದರೆ ಕೇಳಿದರು ಎಂದಳು. ಸಾಹೇಬರ ಮುಂದೆ ಹಾಲಿಟ್ಟು ಹೊಗಳಿದ್ದು? ಪುಸ್ತಕದವಳು ಸತ್ತಳೋ ಉಳಿದಳೋ ಎನ್ನುವುದನ್ನು ಬರೆದವರ ಮುಖದಲ್ಲಿ ನೋಡಬೇಕಾಗಿತ್ತಂತೆ. ನೋಡಿದಳಂತೆ.

ಆಮೇಲೆ ವೈನಿಯ ಸುದ್ದಿಯನ್ನೂ ಹೇಳಿದೆ. ಆಗ ಹಿಂಡುವ ಕೈ ನಿಂತಿತು. ಚರಿಗೆ ಬದಿಗಿಟ್ಟು, ಕೈ ಒರೆಸಿಕೊಂಡು, ಒಂದು ಕಾಗದ ಬರೆ ಎಂದಳು. ಮನೆಗೆ ಹೋಗಿ ಇನ್ಲ್ಯಾಂಡ್ ಲೆಟರ್ ತಂದೆ. ತಾನು ಹೇಳಿದಷ್ಟೇ ಬರೆಯಬೇಕು, ಒಂದು ಅಕ್ಷರ ನನ್ನದು ಸೇರಬಾರದು ಎಂದು ಎರಡು ಸಲ ಎಚ್ಚರಿಸಿದಳು. ಅವಳ ಮಾತಿನಲ್ಲೇ ಬರೆದೆ:

"ಸಾಹೇಬರಿಗೆ ನಮಸ್ಕಾರ. ನಿಮ್ಮ ವೈನಿ ನಿಮ್ಮನ್ನ ಸಾಕಿದಾಕಿ. ಸಾಕಿದ ಕೂಸಿನ ಮ್ಯಾಲೆ ಆಕಿ ಸಿಟ್ಟ ಇಟಗೊಂಡು ಹೋಗಿರಂಗಿಲ್ಲ. ನೀವು ಆಗ ಸಣ್ಣಾವ್ರು, ಹಿಂದ ಅಪ್ಪ ನಿಂತಿದ್ದ. ನಾನೂ ಬಾವ್ಯಾಗ ನೋಡಿದಾಕಿ, ಅದಕ್ಕ ಹೇಳತೇನಿ. ಇನ್ನ ಸಾಕು ಮಾಡ್ರಿ. ನಮ್ಮ ಆಕಳಾ ಮತ್ತ ಗಬ್ಬ ಐತಿ. ಹೊಟ್ಟಿ ಹುಷಾರ."

ಓದಿ ತೋರಿಸಿದೆ. ತಲೆ ಆಡಿಸಿದಳು. ಅಂಟು ಹಚ್ಚಲು ಹೋದರೆ ಬೇಡ ಎಂದು ಕಾಗದ ಇಸಿದುಕೊಂಡಳು. ಮರುದಿನ ನನ್ನನ್ನೂ ಕರೆದುಕೊಂಡು ಪೋಸ್ಟ್ ಆಫೀಸಿಗೆ ಹೋದಳು. ಅಲ್ಲಿ ಪೋಸ್ಟ್ ಮಾಸ್ತರರ ಕೈಗೆ ಅದನ್ನು ಕೊಟ್ಟು, ಇದರಲ್ಲಿ ಏನು ಬರೆದಿದೆ ಸ್ವಲ್ಪ ಓದಿ ಹೇಳಿ ಎಂದಳು. ನಾನು ಬಾಜುವಿಗೆ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ. ಮಾಸ್ತರರು ತಂತಿ ಓದುವ ಧಾಟಿಯಲ್ಲಿ, ಆಕಳು ಗಬ್ಬ ಇರುವುದನ್ನೂ ಬಿಡದೆ ಕೊನೆಯವರೆಗೂ ಓದಿದರು. ಅಕ್ಕ ಅವರ ತುಟಿಗಳನ್ನೂ ಕಣ್ಣುಗಳನ್ನೂ ನೋಡುತ್ತ ಕೇಳಿದಳು.

"ಹೌದ್ರಿ, ಇಷ್ಟಽ," ಎಂದು ಕಾಗದ ವಾಪಸು ತೆಗೆದುಕೊಂಡು, ತಾನೇ ಅಂಟಿಸಿ, ತಾನೇ ಡಬ್ಬಿಗೆ ಹಾಕಿದಳು. ಬಿತ್ತೋ ಇಲ್ಲವೋ ಎಂದು ಡಬ್ಬಿಯನ್ನು ಒಮ್ಮೆ ಬಡಿದೂ ನೋಡಿದಳು.